ಡೆಂಟಲ್ ಕ್ಲಿನಿಕ್ ಸಹಾಯಕರಿಗೂ ವರ್ಷ ವರ್ಷ ತರಬೇತಿ ಬೇಕಾ?

ನೀವು ಹುಬ್ಬಳ್ಳಿಯ ಕ್ಲಿನಿಕ್ ಒಂದರಲ್ಲಿ ಸಹಾಯಕಿ. ಸಿಡಿಇ (ದಂತವೈದ್ಯರ ಮುಂದುವರಿದ ಶಿಕ್ಷಣ) ಪಾಯಿಂಟ್ ಡಾಕ್ಟರಿಗೆ ಮಾತ್ರ, ಕೆಲಸ ಬರುವ ನಮಗೆ ಮತ್ತೆ ತರಬೇತಿ ಯಾಕೆ ಅಂತ ಕೇಳಿದ್ದೀರಿ.

ಬೇಕೇ ಬೇಕು. ನಾನು ಧಾರವಾಡದಲ್ಲಿ ಕ್ಲಿನಿಕ್ ನಡೆಸುವ ದಂತವೈದ್ಯೆ. ಪಾಯಿಂಟ್ ವಿಷಯದಲ್ಲಿ ನಿಮ್ಮ ಮಾತು ಸರಿ, ಅದರ ಲೆಕ್ಕ ಇರುವುದು ನಮಗೇ. ಆದರೆ 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮ ನೋಡಿ. ಆಸ್ಪತ್ರೆ ಕಸ ಮುಟ್ಟುವ ಪ್ರತಿಯೊಬ್ಬ ಸಿಬ್ಬಂದಿಗೂ ಕೆಲಸಕ್ಕೆ ಸೇರುವಾಗ ಒಮ್ಮೆ, ಆಮೇಲೆ ವರ್ಷಕ್ಕೊಮ್ಮೆಯಾದರೂ ತರಬೇತಿ ಕೊಡಬೇಕು. ಹೆಪಟೈಟಿಸ್ ಬಿ ಮತ್ತು ಧನುರ್ವಾಯು ಲಸಿಕೆ ಹಾಕಿಸುವುದೂ ಕ್ಲಿನಿಕ್‌ನವರ ಹೊಣೆ. ಇದನ್ನು ಕೇಳಲು ಸಂಕೋಚ ಪಡಬೇಡಿ.

ಕಾನೂನು ಬಿಡಿ, ಆಟೋಕ್ಲೇವ್ (ಆವಿಯಿಂದ ಉಪಕರಣಗಳ ಕ್ರಿಮಿ ಕೊಲ್ಲುವ ಯಂತ್ರ) ಮುಂದೆ ನಿಲ್ಲುವವರು ಯಾರು? ನೀವೇ ಅಲ್ವಾ? ನಮ್ಮ ಕಡೆ ಗುಟ್ಕಾ, ಎಲೆ-ಅಡಿಕೆ ಹಾಕುವವರು ಜಾಸ್ತಿ, ಸ್ಕೇಲಿಂಗ್ ಅಂದರೆ ಹಲ್ಲಿನ ಕಿಟ್ಟ ತೆಗೆಯುವ ಕೆಲಸವೂ ಜಾಸ್ತಿ. ಸ್ಕೇಲರ್ ತುದಿಯಲ್ಲಿ ರಕ್ತ ಒಣಗಿ ಕೂತರೆ ಆವಿ ಅದರ ಕೆಳಗೆ ಇಳಿಯುವುದಿಲ್ಲ. ಅದಕ್ಕೇ ಮೊದಲು ತಿಕ್ಕಿ ತೊಳೆಯಬೇಕು, ಅದೂ ದಪ್ಪ ಗ್ಲೌಸ್ ಹಾಕಿಕೊಂಡು. ಫೋರ್ಸೆಪ್ಸ್ (ಹಲ್ಲು ಕೀಳುವ ಇಕ್ಕಳ) ಬಾಯಿ ತೆರೆದಿರಬೇಕು. ಟ್ರೇ ತುಂಬಾ ಒತ್ತಿ ತುರುಕಬಾರದು. ಸಮಯ ಎಣಿಸಬೇಕಾದದ್ದು ಒಳಗೆ 121 ಡಿಗ್ರಿ ಮುಟ್ಟಿದ ಮೇಲೆ, ಸ್ವಿಚ್ ಹಾಕಿದಾಗಿನಿಂದ ಅಲ್ಲ. ಹೊರಗೆ ಪೇಷೆಂಟ್ ಕಾಯ್ತಿದ್ದಾರೆ ಅಂತ ಉಪಕರಣ ಇಟ್ಟ ಕಾಗದದ ಪ್ಯಾಕ್ ಒದ್ದೆ ಇರುವಾಗಲೇ ತೆಗೆದರೆ ಮಾಡಿದ್ದೆಲ್ಲ ನೀರುಪಾಲು, ಒದ್ದೆ ಕಾಗದದೊಳಗೆ ಕ್ರಿಮಿ ಸುಲಭವಾಗಿ ನುಗ್ಗುತ್ತದೆ.

ಪ್ಯಾಕಿಗೆ ಅಂಟಿಸುವ ಟೇಪ್ ಮೇಲೆ ಕಪ್ಪು ಗೆರೆ ಮೂಡಿತು ಅಂದರೆ ಪ್ಯಾಕಿಗೆ ಬಿಸಿ ತಾಗಿದೆ ಅಂತಷ್ಟೇ ಅರ್ಥ. ಒಳಗಿನ ಕ್ರಿಮಿ ಸತ್ತಿದೆಯೋ ಇಲ್ಲವೋ ತಿಳಿಯಲು ಸ್ಪೋರ್ ಟೆಸ್ಟ್ (ಸುಲಭಕ್ಕೆ ಸಾಯದ ಕ್ರಿಮಿಯ ಬೀಜಕ ಒಳಗಿಟ್ಟು ನೋಡುವ ಪರೀಕ್ಷೆ) ಬೇಕು, ವಾರಕ್ಕೊಮ್ಮೆ. ವರ್ಷಗಟ್ಟಲೆ ಕೆಲಸ ಮಾಡಿದವರಿಗೂ ಇದನ್ನು ಯಾರೂ ಹೇಳಿಕೊಟ್ಟಿರುವುದಿಲ್ಲ. ನನಗೆ ನಿಜಕ್ಕೂ ಬೇಸರವಾಗುವುದು ಇಲ್ಲೇ. ನೋಡಿ ಕಲಿತುಕೊಳ್ಳುತ್ತಾರೆ ಬಿಡಿ ಅಂತ ನಾವು ಡಾಕ್ಟರುಗಳು ಸುಮ್ನೆ ಇದ್ದುಬಿಡುತ್ತೇವೆ.

ಸೂಜಿ ಚುಚ್ಚಿದಾಗ ಏನು ಮಾಡಬೇಕು ಅನ್ನುವುದನ್ನೂ ಬಾಯಿಪಾಠ ಮಾಡಿಟ್ಟುಕೊಳ್ಳಿ. ಸೋಪು ನೀರಿನಲ್ಲಿ ತೊಳೆಯಿರಿ. ಹಿಂಡಬೇಡಿ, ಬೆರಳು ಬಾಯಿಗೆ ಇಡಬೇಡಿ. ಕೂಡಲೇ ಡಾಕ್ಟರಿಗೆ ಹೇಳಿ, ಹುಬ್ಬಳ್ಳಿಯ ಕಿಮ್ಸ್ (ಈಗಿನ ಹೆಸರು ಕೆಎಂಸಿಆರ್‌ಐ) ನಂಥ ದೊಡ್ಡ ಸರ್ಕಾರಿ ಆಸ್ಪತ್ರೆಗೆ ಹೋಗಿ. ಎಚ್‌ಐವಿ ತಡೆಯುವ ಮಾತ್ರೆ 72 ಗಂಟೆಯೊಳಗೆ ಶುರುವಾಗಬೇಕು, ಬೇಗ ಆದಷ್ಟೂ ಒಳ್ಳೆಯದು.

ಎಲ್ಲಿ ಕಲಿಯುವುದು ಅಂತಲೂ ಕೇಳಿದ್ದೀರಿ. ನಿಮ್ಮ ಕ್ಲಿನಿಕ್‌ನಲ್ಲೇ ಶುರು ಮಾಡಿ. ತಿಂಗಳಿಗೊಮ್ಮೆ ಅರ್ಧ ಗಂಟೆ ಕೊಡಿ ಅಂತ ಡಾಕ್ಟರನ್ನು ಕೇಳಿ, ಒಂದು ಸಲಕ್ಕೆ ಒಂದೇ ವಿಷಯ ಸಾಕು. ಸತ್ತೂರಿನ ಎಸ್‌ಡಿಎಂ ಡೆಂಟಲ್ ಕಾಲೇಜಿನಲ್ಲಿ ಕಾರ್ಯಾಗಾರ ಇದ್ದರೆ ಸಹಾಯಕರನ್ನೂ ಸೇರಿಸಿಕೊಳ್ಳುತ್ತಾರಾ ಅಂತ ಅವರಿಂದಲೇ ವಿಚಾರಿಸಿ. ಕಲಿತದ್ದನ್ನು ತಾರೀಕು, ಸಹಿ ಸಮೇತ ಒಂದು ರಿಜಿಸ್ಟರಿನಲ್ಲಿ ಬರೆದಿಡಿ. ನಾಳೆ ಬೇರೆ ಕ್ಲಿನಿಕ್ಕಿಗೆ ಹೋದರೂ ಅದರ ಜೆರಾಕ್ಸ್ ತೋರಿಸಬಹುದು.

ಹೆಪಟೈಟಿಸ್ ಬಿ ಲಸಿಕೆ ಮೂರೂ ಡೋಸ್ ಆಗಿದೆಯಾ? ಒಂದೂ ಆಗಿಲ್ಲದಿದ್ದರೆ ಈ ವಾರವೇ ಮೊದಲನೆಯದು ಹಾಕಿಸಿಕೊಳ್ಳಿ. ಮೊದಲನೆಯದರಿಂದ ಲೆಕ್ಕ ಹಾಕಿ ಎರಡನೆಯದು ಒಂದು ತಿಂಗಳಿಗೆ, ಮೂರನೆಯದು ಆರು ತಿಂಗಳಿಗೆ.