ಮುರಕಲ್ಲು (ಜಂಬಿಟ್ಟಿಗೆ) ಮಣ್ಣಿನ ಕಬ್ಬಿಣ ರಂಜಕವನ್ನು ತಿಂದುಹಾಕುತ್ತದೆಯೇ? ಗೊಬ್ಬರ ಡಬಲ್ ಮಾಡಬೇಕೇ?

ನೀವು ಕೇಳಿದ್ದು ಇಷ್ಟು: ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ಅಡಿಕೆ ತೋಟ. ಎಂಟು ವರ್ಷದಿಂದ ಮರವೊಂದಕ್ಕೆ 200 ಗ್ರಾಂ ರಾಕ್ ಫಾಸ್ಫೇಟ್ (ರಂಜಕವಿರುವ ಕಲ್ಲಿನ ಪುಡಿ) ಹಾಕುತ್ತಾ ಬಂದಿದ್ದೀರಿ. ಆದರೂ ಮಣ್ಣು ಪರೀಕ್ಷೆಯಲ್ಲಿ ರಂಜಕ ‘ಕಡಿಮೆ’ ಅಂತ ಬಂತು. ಗೊಬ್ಬರದ ಅಂಗಡಿಯವರು ‘ನಮ್ಮ ಮಣ್ಣಿನ ಕಬ್ಬಿಣ ಎಲ್ಲವನ್ನೂ ತಿಂತದೆ, ಡಬಲ್ ಹಾಕಿ’ ಅಂದರು.

ಅಂಗಡಿಯವರ ಮಾತಿನಲ್ಲಿ ಮೊದಲರ್ಧ ಹೆಚ್ಚುಕಡಿಮೆ ಸರಿ. ಎರಡನೆಯ ಅರ್ಧಕ್ಕೆ ದುಡ್ಡು ಬಿಚ್ಚುವ ಮೊದಲು ಸ್ವಲ್ಪ ತಡೆಯಿರಿ. ನಾನು ಪೆರ್ಲದ ಕಡೆಯವನು. ಶಾಲೆಯಲ್ಲಿ ಕೆಮಿಸ್ಟ್ರಿ ಪಾಠ ಮಾಡಿ ರಿಟೈರ್ ಆಗಿ ಈಗ ತೋಟ ನೋಡಿಕೊಂಡಿದ್ದೇನೆ. ಹಾಗಾಗಿ ಉತ್ತರ ಸ್ವಲ್ಪ ಪಾಠದ ಹಾಗೆ ಆದರೆ ಬೇಜಾರು ಮಾಡಬೇಡಿ.

ತುಕ್ಕು ಹಿಡಿದ ಗೇಟಿಗೆ ಹಾರ್ಡ್‌ವೇರ್ ಅಂಗಡಿಯ ತುಕ್ಕಿನ ದ್ರವ ಬಳಿದದ್ದುಂಟಾ? ಅಂಥ ಹಲವು ದ್ರವಗಳಲ್ಲಿ ಇರುವುದು ಫಾಸ್ಫಾರಿಕ್ ಆಸಿಡ್. ಕೆಂಪು ತುಕ್ಕು ನೋಡನೋಡುತ್ತಾ ಕಪ್ಪಾಗಿ ಗಟ್ಟಿ ಕೂರುತ್ತದೆ. ಕಬ್ಬಿಣಕ್ಕೆ ಫಾಸ್ಫೇಟ್, ಅಂದರೆ ಆಮ್ಲಜನಕ ಸೇರಿದ ರಂಜಕ, ಕಂಡರೆ ಅಷ್ಟು ಪ್ರೀತಿ. ನಮ್ಮ ಮಣ್ಣಿನ ಕೆಂಪೂ ತುಕ್ಕೇ. ಲಕ್ಷಾಂತರ ವರ್ಷ ಮಳೆ ಹೊಡೆದು ಸುಣ್ಣ, ಪೊಟ್ಯಾಷ್, ಮರಳಿನ ಅಂಶ ಎಲ್ಲ ತೊಳೆದುಹೋಗಿ ಕಬ್ಬಿಣ, ಅಲ್ಯೂಮಿನಿಯಂ ಮಾತ್ರ ಮೇಲೆ ಉಳಿದದ್ದು ಮುರಕಲ್ಲು. ಅದರಡಿ ಶೇಡಿಮಣ್ಣು. ಮನೆಯ ಗೋಡೆಯೂ ಅದೇ ಕಲ್ಲು, ಬೇಕಲ ಕೋಟೆಯೂ ಅದೇ ಕಲ್ಲು.

ಈ ತುಕ್ಕಿನ ಕಣಗಳ ಮೈಮೇಲೆ ಫಾಸ್ಫೇಟ್ ಕೂರುವ ಜಾಗಗಳಿವೆ. ನಮ್ಮ ಬಸ್ಸಿನ ಸೀಟಿನ ಹಾಗೆ ಅಂದುಕೊಳ್ಳಿ. ಮೊದಲು ಹತ್ತಿದವನಿಗೆ ಕಿಟಕಿ ಬದಿಯ ಸೀಟು, ಅವನು ಇಳಿಯುವುದೇ ಇಲ್ಲ. ಸೀಟೆಲ್ಲ ತುಂಬಿದ ಮೇಲೆ ಹತ್ತಿದವರು ಬಾಗಿಲಲ್ಲಿ ನೇತಾಡುತ್ತಾರೆ, ಸಿಕ್ಕಿದಲ್ಲಿ ಇಳಿಯುತ್ತಾರೆ. ಅಡಿಕೆ ಬೇರಿಗೆ ಸಿಗುವುದು ಈ ನೇತಾಡುವವರು. ಅಂದರೆ ಕಬ್ಬಿಣ ರಂಜಕವನ್ನು ತಿನ್ನುವುದಿಲ್ಲ, ಹಿಡಿದಿಟ್ಟುಕೊಳ್ಳುತ್ತದೆ. ಎರಡಕ್ಕೂ ವ್ಯತ್ಯಾಸ ಉಂಟು, ಮುಂದೆ ಗೊತ್ತಾಗುತ್ತದೆ.

‘ಮಣ್ಣು ಎಷ್ಟು ಕೆಂಪೋ ಅಷ್ಟು ಹಿಡಿತ’ ಅಂತ ಹೇಳುವವರೂ ಇದ್ದಾರೆ. ಅದನ್ನು ನಂಬಬೇಡಿ. ಸುಡುಮಣ್ಣು ಮಾಡುವಾಗ ನೋಡಿದ್ದೀರಲ್ವಾ, ಹಳದಿ ಮಿಶ್ರಿತ ಕಂದು ಮಣ್ಣು ಬೆಂಕಿ ತಾಗಿದಲ್ಲಿ ಇಟ್ಟಿಗೆಯ ಹಾಗೆ ಕೆಂಪಗಾಗುತ್ತದೆ. ಕಬ್ಬಿಣ ಒಂದು ಗುಲಗಂಜಿಯಷ್ಟೂ ಜಾಸ್ತಿ ಆಗಿಲ್ಲ. ಗೋಥೈಟ್ ಎಂಬ ಹಳದಿ ಖನಿಜದೊಳಗಿನ ನೀರು ಹೋಗಿ ಹೆಮಟೈಟ್ ಎಂಬ ಕೆಂಪು ಖನಿಜ ಆಯಿತು, ಅಷ್ಟೇ. (ಗೋಥೈಟಿಗೆ ಹೆಸರು ಬಂದದ್ದು ಜರ್ಮನ್ ಕವಿ ಗೋಥೆಯಿಂದ, 1806ರಲ್ಲಿ. ಅವನಿಗೆ ಕಲ್ಲು ಕೂಡಿಡುವ ಹುಚ್ಚು.) ಚಿಟಿಕೆ ಹೆಮಟೈಟ್ ಸಾಕು, ಇಡೀ ಮಣ್ಣು ಕೆಂಪು ಕಾಣುತ್ತದೆ. ಹಿಡಿತ ನಿಂತಿರುವುದು ಬಣ್ಣದ ಮೇಲಲ್ಲ, ಕಣ ಎಷ್ಟು ಸಣ್ಣದು, ಎಷ್ಟು ಹೊಸತು ಎಂಬುದರ ಮೇಲೆ. ಗುಡ್ಡದ ಮೇಲಿನ ಪದವಿನ ಗಟ್ಟಿ ಕಲ್ಲು ಹಳೆಯ ತುಕ್ಕು, ಅದರಲ್ಲಿ ಸೀಟು ಕಡಿಮೆ. ಆಗಷ್ಟೇ ಹುಟ್ಟಿದ, ಹರಳು ಕಟ್ಟದ ತುಕ್ಕಿನಲ್ಲಿ ಸೀಟೇ ಸೀಟು.

ಆ ಹೊಸ ತುಕ್ಕನ್ನು ಕಣ್ಣಾರೆ ನೋಡಬೇಕಾದರೆ ನೀರಿಗಾಗಿ ಗುಡ್ಡಕ್ಕೆ ಅಡ್ಡ ಕೊರೆದ ಸುರಂಗದ ಬಾಯಿಗೆ ಹೋಗಿ. ನೀರು ಹೊರಬರುವಲ್ಲಿ ಕಿತ್ತಳೆ ಬಣ್ಣದ ಲೋಳೆ ಕೂತಿರುತ್ತದೆ. ನಿಂತ ನೀರಿನ ಮೇಲೆ ಎಣ್ಣೆಯ ಹಾಗೆ ಹೊಳೆಯುವ ತೆಳು ಪೊರೆ. ಕಡ್ಡಿಯಿಂದ ಕಲಕಿದರೆ ಎಣ್ಣೆ ಮತ್ತೆ ಕೂಡಿಕೊಳ್ಳುತ್ತದೆ, ಇದು ಗಾಜಿನ ಚೂರಿನ ಹಾಗೆ ಒಡೆದು ತೇಲುತ್ತದೆ. ಅದು ಕಬ್ಬಿಣದ್ದು. ನಾನು ಒಮ್ಮೆ ಈ ಲೋಳೆಯನ್ನು ‘ಒಳ್ಳೆ ಮೆಕ್ಕಲು’ ಅಂತ ಬುಟ್ಟಿಗಟ್ಟಲೆ ತಂದು ಬೆಂಡೆ ಸಾಲಿಗೆ ಹಾಕಿದೆ. ಎರಡು ತಿಂಗಳಾದರೂ ಗಿಡ ಗೇಣುದ್ದ. ಪಕ್ಕದ ಸಾಲು ನನ್ನ ಸೊಂಟಕ್ಕೆ ಬಂದಿತ್ತು. ಮನೆಯವಳು ಇವತ್ತಿಗೂ ಅದನ್ನು ‘ಮಾಸ್ಟ್ರ ಬೆಂಡೆ’ ಅಂತಲೇ ಕರೆಯುವುದು.

ಇಲ್ಲಿ ಇನ್ನೊಂದು ಕೇಳಬೇಕು. ನಿಮ್ಮ ತೋಟ ಮೊದಲು ಬೈಲುಗದ್ದೆ (ತಗ್ಗಿನ, ನೀರು ನಿಲ್ಲುವ ಗದ್ದೆ) ಆಗಿತ್ತಾ? ಗದ್ದೆಯಲ್ಲಿ ನೀರು ನಿಂತಾಗ ಮಣ್ಣಿಗೆ ಉಸಿರು ಸಿಗುವುದಿಲ್ಲ. ಆಗ ಕಬ್ಬಿಣ ಕರಗಿ ನೀರಿಗೆ ಬರುತ್ತದೆ, ಹಿಡಿದಿದ್ದ ರಂಜಕವನ್ನೂ ಬಿಡುತ್ತದೆ. ಭತ್ತಕ್ಕೆ ಅದು ಪುಕ್ಕಟೆ ಗೊಬ್ಬರ. ಎತ್ತರದ ಬೆಟ್ಟು ಗದ್ದೆಗೆ ಈ ಭಾಗ್ಯ ಕಡಿಮೆ. ಈಗ ಅದೇ ಬೈಲಿಗೆ ಕಣಿ ತೋಡಿ, ನೀರು ಬಸಿದು ಅಡಿಕೆ ನೆಟ್ಟರೆ? ಗಾಳಿ ತಾಗಿದ ಕೂಡಲೇ ಕರಗಿದ್ದ ಕಬ್ಬಿಣವೆಲ್ಲ ಹೊಸ ತುಕ್ಕಾಗುತ್ತದೆ. ಹೊಸ ತುಕ್ಕು, ಖಾಲಿ ಸೀಟು! ಅಪ್ಪನ ಕಾಲದಲ್ಲಿ ಗೊಬ್ಬರ ಇಲ್ಲದೆ ಭತ್ತ ಬೆಳೆದ ಜಾಗದಲ್ಲಿ ಮಗನ ಅಡಿಕೆ ಸಸಿ ಮುನಿಸಿಕೊಳ್ಳಲು ಇದೂ ಒಂದು ಕಾರಣ.

ಈಗ ನಿಮ್ಮ ವರದಿಗೆ ಬರೋಣ. ಮಣ್ಣು ಎಲ್ಲಿಂದ ತೆಗೆದಿರಿ? ನಾನು ಮೊದಲ ಸಲ ಎರಡು ಸಾಲಿನ ನಡುವೆ, ನಡೆಯುವ ದಾರಿಯಿಂದ ತೆಗೆದಿದ್ದೆ. ಹಾರೆ ಹಾಕಲು ಅಲ್ಲೇ ಸುಲಭ ಅಲ್ವಾ! ರಂಜಕ ಹೆಕ್ಟೇರಿಗೆ 7 ಕಿಲೋ ಅಂತ ಬಂತು. 10ಕ್ಕಿಂತ ಕೆಳಗಾದರೆ ಕಡಿಮೆ ಅಂತ ಲೆಕ್ಕ. ಮರುವರ್ಷ ಮರದ ಬುಡದಿಂದಲೇ ತೆಗೆದು ಕಳುಹಿಸಿದೆ. 41 ಬಂತು! ಅದು ‘ಜಾಸ್ತಿ’ಯ ಸಾಲಿನಲ್ಲಿ. ಗೊಬ್ಬರ ಬಿದ್ದದ್ದು ಬುಡಕ್ಕೆ, ಪರೀಕ್ಷೆ ಮಾಡಿಸಿದ್ದು ದಾರಿಯನ್ನು. ರಂಜಕ ಮಣ್ಣಿನಲ್ಲಿ ನಡೆದು ಹೋಗುವ ಜಾತಿ ಅಲ್ಲ, ಹಾಕಿದ ಜಾಗದಿಂದ ಕೆಲವು ಮಿಲಿಮೀಟರ್ ಸರಿದರೆ ಹೆಚ್ಚು. ವರ್ಷಗಟ್ಟಲೆ ಹಾಕಿದ ಬುಡದಲ್ಲಿ ಸೀಟುಗಳು ತುಂಬುತ್ತಾ ಬಂದಿದ್ದವು. ನಾನೊಬ್ಬನೇ ಅಲ್ಲ, ಕೇರಳದಲ್ಲಿ ರಾಜ್ಯದ ಉದ್ದಗಲ ಮಣ್ಣು ಪರೀಕ್ಷೆ ನಡೆದಾಗಲೂ ಬಹಳಷ್ಟು ಕಡೆ ರಂಜಕ ಜಾಸ್ತಿ ಅಂತಲೇ ಬಂದದ್ದು. ಆಮೇಲೆ ನಾನು ಮೂರು ವರ್ಷ ರಾಕ್ ಫಾಸ್ಫೇಟ್ ಹಾಕಿಯೇ ಇಲ್ಲ. ಫಸಲಿನಲ್ಲಿ ನನಗೇನೂ ವ್ಯತ್ಯಾಸ ಕಾಣಲಿಲ್ಲ.

ರಂಜಕ ಅಳೆದದ್ದು ಯಾವ ವಿಧಾನದಲ್ಲಿ ಅಂತಲೂ ವರದಿಯಲ್ಲಿ ನೋಡಿ. ನಮ್ಮ ಹುಳಿ (ಆಮ್ಲೀಯ) ಮಣ್ಣಿಗೆ ಬ್ರೇ ವಿಧಾನ ಸರಿ. ಓಲ್ಸನ್ ವಿಧಾನ ಸುಣ್ಣದ ಮಣ್ಣಿನವರಿಗೆ.

ಬುಡದ ಮಣ್ಣಿನಲ್ಲೂ ಕಡಿಮೆ ಬಂದರೆ? ಆಗಲೂ ಡಬಲ್ ಬೇಡ. ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐ ಮರಕ್ಕೆ ವರ್ಷಕ್ಕೆ ಹೇಳುವ 100-40-140 ಗ್ರಾಂ (ಸಾರಜನಕ-ರಂಜಕ-ಪೊಟ್ಯಾಷ್) ಲೆಕ್ಕದಲ್ಲಿ ನಡುವಿನ 40 ರಂಜಕದ್ದು. ನಿಮ್ಮ 200 ಗ್ರಾಂ ರಾಕ್ ಫಾಸ್ಫೇಟಿನಲ್ಲಿ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಆದರೆ ಅದೇ ಶಿಫಾರಸಿನಲ್ಲಿ 12 ಕಿಲೋ ಸೊಪ್ಪು, 12 ಕಿಲೋ ಕಾಂಪೋಸ್ಟ್ ಕೂಡಾ ಉಂಟು. ನಾವೆಲ್ಲ ಅದನ್ನು ಓದದೆ ದಾಟಿಸುತ್ತೇವೆ. ಸೊಪ್ಪು ಕೊಳೆಯುವಾಗ ಹುಟ್ಟುವ ಆಮ್ಲಗಳು ಆ ಸೀಟುಗಳಲ್ಲಿ ಮೊದಲೇ ಟವೆಲ್ ಹಾಕಿ ಕೂರುತ್ತವೆ. ಬುಡ ಬಿಡಿಸಿ, ರಾಕ್ ಫಾಸ್ಫೇಟ್ ಹಾಕಿ, ಮೇಲೆ ಸೊಪ್ಪು, ಹಟ್ಟಿಗೊಬ್ಬರ ಮುಚ್ಚಿ. ತೋಟವಿಡೀ ಎರಚಬೇಡಿ, ಎರಚಿದಷ್ಟೂ ಹೊಸ ಸೀಟಿಗೆ ದಾನ.

ಸುಣ್ಣವನ್ನು ಮಾತ್ರ ರಾಕ್ ಫಾಸ್ಫೇಟ್ ಜೊತೆ ಹಾಕಬೇಡಿ. ರಾಕ್ ಫಾಸ್ಫೇಟ್ ಕರಗುವುದೇ ಮಣ್ಣಿನ ಹುಳಿಯಿಂದ. ಹುಳಿ ಕೊಂದರೆ ಅದು ಕಲ್ಲಿನ ಪುಡಿಯಾಗಿಯೇ ಬಿದ್ದಿರುತ್ತದೆ. ಒಂದೆರಡು ತಿಂಗಳು ಅಂತರ ಇರಲಿ.

ಬುಡದ ಮಣ್ಣಿನ ವರದಿ ಬಂದಾಗ ರಂಜಕದ ಅಂಕಿ, ಪಿಎಚ್ (ಹುಳಿಯ ಅಳತೆ) ಎರಡನ್ನೂ ಇಲ್ಲೇ ಬರೆಯಿರಿ. ತೋಟ ಬೈಲಾ, ಮಜಲಾ (ನಡು ಎತ್ತರದ್ದಾ), ಗುಡ್ಡೆಯಾ ಅಂತಲೂ ತಿಳಿಸಿ.