ಅಪ್ಪನ ಎಂ.ಎಸ್. ಮಗಳ ಸೀಟಿಗೆ ಎಷ್ಟು ಆಧಾರ?

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ನ್ಯೂಜೆರ್ಸಿಯ ಕನ್ನಡ ಕುಟುಂಬ. ಮಗಳು ಹನ್ನೆರಡನೇ ಗ್ರೇಡ್, ಓದಿನಲ್ಲಿ ಮುಂದೆ. ಸೆಪ್ಟೆಂಬರ್‌ನಲ್ಲಿ ಸಲಹೆಗೆ ಬಂದಾಗ ಕಾಲೇಜು ಅರ್ಜಿಯ ಪ್ರಬಂಧ ಮೊದಲ ಪ್ಯಾರಾದಲ್ಲೇ ನಿಂತುಹೋಗಿತ್ತು. ಆದರೆ ಎಕ್ಸೆಲ್ ಹಾಳೆಯೊಂದನ್ನು ಆಕೆ ಪೂರ್ತಿ ತುಂಬಿದ್ದಳು: ಸಹಪಾಠಿಯ ಹೆಸರು, ಎಸ್‌ಎಟಿ (ಕಾಲೇಜು ಪ್ರವೇಶ ಪರೀಕ್ಷೆ) ಅಂಕ, ಅಪ್ಪ-ಅಮ್ಮ ಓದಿದ ಕಾಲೇಜು. ಕೊನೆಯ ಕಾಲಂಗೆ ಹಳದಿ ಬಣ್ಣ. "ಇವರ ಸೀಟು ಮೊದಲೇ ಗಟ್ಟಿ. ನಾನು ಬರೆದು ಏನಾಗಬೇಕು?"

ಅಪ್ಪನ ಲೆಕ್ಕವೇ ಬೇರೆ. ದಾವಣಗೆರೆಯಲ್ಲಿ ಬಿ.ಇ., ಅಮೆರಿಕದ ಹೆಸರಾಂತ ಖಾಸಗಿ ವಿಶ್ವವಿದ್ಯಾಲಯದಲ್ಲಿ ಎಂ.ಎಸ್. ಮಗಳು ಅಲ್ಲಿಗೇ ಅರ್ಲಿ ಡಿಸಿಷನ್ (ಸಿಕ್ಕರೆ ಸೇರಲೇಬೇಕಾದ ಮುಂಚಿನ ಸುತ್ತಿನ ಅರ್ಜಿ) ಹಾಕಲಿ, ತಾವು ಐದು ಸಾವಿರ ಡಾಲರ್ ದೇಣಿಗೆ ಕೊಟ್ಟರೆ ಲೆಗಸಿ, ಅಂದರೆ ಹಳೆ ವಿದ್ಯಾರ್ಥಿಗಳ ಮಕ್ಕಳಿಗೆ ಪ್ರವೇಶದಲ್ಲಿ ಸಿಗುವ ಆದ್ಯತೆ, ಕೈಹಿಡಿಯುತ್ತದೆ ಎಂಬ ನಂಬಿಕೆ.

ಮಗಳ ಸಂಕಟವನ್ನು ಹೊಟ್ಟೆಕಿಚ್ಚು ಎಂದು ತಳ್ಳಿಹಾಕುವ ಹಾಗಿಲ್ಲ. ಹಾರ್ವರ್ಡ್ ವಿಶ್ವವಿದ್ಯಾಲಯದ ಪ್ರವೇಶ ಪದ್ಧತಿ ಕುರಿತ ಮೊಕದ್ದಮೆಯಲ್ಲಿ ಹೊರಬಂದ ದಾಖಲೆಯ ಪ್ರಕಾರ, 2014ರಿಂದ 2019ರೊಳಗೆ ಪದವಿ ಮುಗಿಸಬೇಕಿದ್ದ ಬ್ಯಾಚ್‌ಗಳಿಗೆ ಅರ್ಜಿ ಹಾಕಿದ ಹಳೆ ವಿದ್ಯಾರ್ಥಿಗಳ ಮಕ್ಕಳಲ್ಲಿ ಶೇ 33.6ರಷ್ಟು ಮಂದಿಗೆ ಸೀಟು ಸಿಕ್ಕಿತು. ಉಳಿದವರಲ್ಲಿ ಶೇ 5.9. ಈ ಅಂತರವೆಲ್ಲ ಲೆಗಸಿಯದ್ದೇ ಎನ್ನಲಾಗದು, ಆ ಮಕ್ಕಳಿಗೆ ಒಳ್ಳೆಯ ಶಾಲೆ, ತರಬೇತಿ ಎಲ್ಲವೂ ಸಿಕ್ಕಿರುತ್ತದೆ. ಆದರೂ ಅಂಕ ಸಮನಾಗಿದ್ದಾಗಲೂ ಶೇ 1ರ ಅತಿ ಶ್ರೀಮಂತರ ಮಕ್ಕಳಿಗೆ ಐವಿ ಮಟ್ಟದ (ಅತಿ ಪ್ರತಿಷ್ಠಿತ) 12 ಕಾಲೇಜುಗಳಿಗೆ ಸೇರುವ ಸಾಧ್ಯತೆ ಮಧ್ಯಮವರ್ಗದವರ ಎರಡು ಪಟ್ಟಿಗೂ ಹೆಚ್ಚು ಎಂದು ಅರ್ಥಶಾಸ್ತ್ರಜ್ಞ ರಾಜ್ ಚೆಟ್ಟಿ ತಂಡ 2023ರಲ್ಲಿ ತೋರಿಸಿತು. ಅದರಲ್ಲಿ ಪ್ರವೇಶ ನೀಡುವ ಹಂತದಲ್ಲಿ ಉಂಟಾಗುವ ಅಂತರದ ಹೆಚ್ಚುಕಡಿಮೆ ಅರ್ಧಕ್ಕೆ ಲೆಗಸಿಯೇ ಕಾರಣ. ಇದು ಅನ್ಯಾಯ. ಆಕೆಗೆ ಇದನ್ನು ಮುಚ್ಚುಮರೆಯಿಲ್ಲದೆ ಹೇಳಲಾಯಿತು. ಹೇಳಿದ ಮೇಲೆಯೇ ಮುಂದಿನ ಮಾತಿಗೆ ಕಿವಿಗೊಟ್ಟಳು.

ಅಪ್ಪನಿಗೆ ಹೇಳಿದ್ದು ಇಷ್ಟು. ಲೆಗಸಿ ಎಲ್ಲ ಕಡೆ ಒಂದೇ ಅಲ್ಲ. ಹಾರ್ವರ್ಡ್ ಲೆಕ್ಕಕ್ಕೆ ಹಿಡಿಯುವುದು ತಂದೆ ಅಥವಾ ತಾಯಿ ಅಲ್ಲೇ ಪದವಿ ಓದಿದ್ದರೆ ಮಾತ್ರ; ಎಂ.ಎಸ್. ಸಾಲದು. ನಿಮ್ಮ ವಿಶ್ವವಿದ್ಯಾಲಯದ ನಿಯಮವೇನೆಂದು ಪ್ರವೇಶ ಕಚೇರಿಗೆ ಒಂದು ಸಾಲಿನ ಇ-ಮೇಲ್ ಬರೆದು ಕೇಳಿ. ದೇಣಿಗೆ ಬೇಡ. ಕಚೇರಿಗಳ ಗಮನಕ್ಕೆ ಬರುವ ದಾನಿಗಳ ಮಟ್ಟವೇ ಬೇರೆ, ಐದು ಸಾವಿರ ಅಲ್ಲಿ ಎಣಿಕೆಗೆ ಬಾರದು. ಅದು ಅವಳ ಮೊದಲ ವರ್ಷದ ಪುಸ್ತಕ, ಪ್ರಯಾಣಕ್ಕೆ ಆದೀತು. ಇನ್ನೊಂದು: ಊಟದ ಹೊತ್ತಿನಲ್ಲಿ ಬೇರೆ ಮಕ್ಕಳ ಹೆಸರೆತ್ತಬೇಡಿ. ಕಾಲೇಜಿನ ಮಾತು ಭಾನುವಾರ ಅರ್ಧ ಗಂಟೆ, ಅಷ್ಟೇ.

ಮಗಳಿಗೆ ಕೊಟ್ಟ ಕೆಲಸ: ಸಹಪಾಠಿಗಳ ಹಾಳೆ ಅಳಿಸಿ, ಕಾಲೇಜುಗಳ ಹಾಳೆ ಮಾಡು. ಹೆಚ್ಚಿನ ಕಾಲೇಜುಗಳು ಪ್ರತಿವರ್ಷ 'ಕಾಮನ್ ಡೇಟಾ ಸೆಟ್' ಪ್ರಕಟಿಸುತ್ತವೆ. ಅದರ ಸಿ7 ಪಟ್ಟಿಯಲ್ಲಿ ಹಳೆ ವಿದ್ಯಾರ್ಥಿ ಸಂಬಂಧದ ಸಾಲು ನೋಡು: ಬಹಳ ಮುಖ್ಯ, ಮುಖ್ಯ, ಪರಿಗಣಿಸುತ್ತೇವೆ, ಪರಿಗಣಿಸುವುದಿಲ್ಲ, ಈ ನಾಲ್ಕರಲ್ಲಿ ಒಂದಕ್ಕೆ ಗುರುತು ಹಾಕಿರುತ್ತಾರೆ. ಎಂಐಟಿ, ಕ್ಯಾಲ್ಟೆಕ್, ಜಾನ್ಸ್ ಹಾಪ್ಕಿನ್ಸ್ ಲೆಗಸಿ ನೋಡುವುದಿಲ್ಲ; ಆಮ್ಹರ್ಸ್ಟ್ 2021ರಲ್ಲಿ, ವೆಸ್ಲಿಯನ್ 2023ರಲ್ಲಿ ಕೈಬಿಟ್ಟವು. ಕಾನೂನು ಬಂದ ಮಾತ್ರಕ್ಕೆ ನಂಬಿ ಕೂರುವಂತಿಲ್ಲ: ಕ್ಯಾಲಿಫೋರ್ನಿಯಾ ಖಾಸಗಿ ಕಾಲೇಜುಗಳಲ್ಲೂ ಇದನ್ನು ನಿಷೇಧಿಸಿದಾಗ, ಸ್ಟ್ಯಾನ್‌ಫರ್ಡ್ ರಾಜ್ಯದ ವಿದ್ಯಾರ್ಥಿ ನೆರವನ್ನೇ ಬಿಟ್ಟು ಪದ್ಧತಿ ಉಳಿಸಿಕೊಂಡಿತು.

ಅರ್ಲಿ ಡಿಸಿಷನ್ ಒಂದೇ ಕಾಲೇಜಿಗೆ ಹಾಕಬಹುದು, ಗಡುವು ಸಾಮಾನ್ಯವಾಗಿ ನವೆಂಬರ್ 1. ಸಿಕ್ಕರೆ ಸೇರಲೇಬೇಕು, ಹಣಕಾಸಿನ ನೆರವು ಸಾಲದಿದ್ದರೆ ಮಾತ್ರ ಬಿಡುಗಡೆ. ಆ ಸುತ್ತಿನ ಪ್ರವೇಶ ಪ್ರಮಾಣ ಹೆಚ್ಚು ಕಾಣುವುದಕ್ಕೆ ಕ್ರೀಡಾಪಟುಗಳು ಮತ್ತು ಲೆಗಸಿ ಮಕ್ಕಳು ಅಲ್ಲಿ ಸೇರಿರುವುದೂ ಕಾರಣ. ಆ ಅಂಕಿಯನ್ನು ತನ್ನ ಅವಕಾಶ ಎಂದು ಓದಬಾರದು. ಸಹಿ ಹಾಕುವ ಮುನ್ನ ಕಾಲೇಜಿನ ನೆಟ್ ಪ್ರೈಸ್ ಕ್ಯಾಲ್ಕುಲೇಟರ್‌ನಲ್ಲಿ ಕುಟುಂಬದ ಆದಾಯ ಹಾಕಿ ನಿಜವಾದ ಖರ್ಚು ನೋಡಬೇಕು.

650 ಪದಗಳ ಪ್ರಬಂಧದಲ್ಲಿ ಅನ್ಯಾಯದ ದೂರು ಬೇಡ, ಓದುವವರಿಗೆ ಅವಳ ಪರಿಚಯವೇ ಆಗುವುದಿಲ್ಲ. ಶನಿವಾರ ಕನ್ನಡ ಶಾಲೆಯಲ್ಲಿ ಆರು ವರ್ಷದ ಮಕ್ಕಳಿಗೆ ಒತ್ತಕ್ಷರ ಕಲಿಸಲು ರಟ್ಟಿನ ತುಂಡುಗಳನ್ನು ಜೋಡಿಸುವ ಆಟ ಮಾಡಿದ್ದಳು. ಅದೇ ವಿಷಯವಾಯಿತು.

ಲೆಗಸಿ ನೋಡದ ಕಾಲೇಜಿಗೇ ಅರ್ಲಿ ಡಿಸಿಷನ್ ಎಂದು ಮನೆಯಲ್ಲಿ ಒಪ್ಪಿಗೆಯಾಗಿದೆ. ಅಪ್ಪನ ವಿಶ್ವವಿದ್ಯಾಲಯ ರೆಗ್ಯುಲರ್ ಸುತ್ತಿಗೆ. ಅರ್ಲಿ ಡಿಸಿಷನ್ ಫಲಿತಾಂಶ ಬರುವುದು ಡಿಸೆಂಬರ್ ಮಧ್ಯಕ್ಕೆ, ಉಳಿದ ಅರ್ಜಿಗಳ ಗಡುವು ಜನವರಿಯ ಮೊದಲ ದಿನಗಳಲ್ಲಿ. ಆದ್ದರಿಂದ ಅವೆಲ್ಲ ಡಿಸೆಂಬರ್ 10ರೊಳಗೆ ಸಿದ್ಧವಿರಬೇಕು. ಕಾಲೇಜು ನಿರ್ಧಾರ ಮುಂದೂಡಿದರೆ ಅದಕ್ಕೆ ಒಂದೇ ಪುಟದ ಪತ್ರ, ಅದರಲ್ಲಿ ಹೊಸ ಅಂಕ, ಹೊಸ ಕೆಲಸ ಮಾತ್ರ.