ಸ್ಟೀಲ್‌ಹೆಡ್‌ಗೆ ಗಾಳ ಎಸೆಯುವ ಮುಂಚೆ

ಸಿಯಾಟಲ್‌ಗೆ ಹೊಸದಾಗಿ ಬಂದಿದ್ದೀರಿ. ಚಳಿಗಾಲದಲ್ಲಿ ಸ್ಟೀಲ್‌ಹೆಡ್ (ಸಮುದ್ರಕ್ಕೆ ಹೋಗಿ ಮೊಟ್ಟೆ ಇಡಲು ನದಿಗೆ ಮರಳುವ ರೇನ್‌ಬೋ ಟ್ರೌಟ್ ಮೀನು) ಹಿಡಿಯಲು ಸ್ಕೈಕೋಮಿಶ್ ನದಿಗೆ ಹೋಗಬೇಕು, ಕಾವೇರಿಯಲ್ಲಿ ಬಳಸುತ್ತಿದ್ದ ಮೂರು ಮೊನೆಯ ಗಾಳ, ರಾಗಿ ಹಿಟ್ಟಿನ ಉಂಡೆ ಇಲ್ಲಿ ನಡೆಯುತ್ತಾ ಅಂತ ಕೇಳಿದ್ದೀರಿ. ‘ಸೆಲೆಕ್ಟಿವ್ ಗೇರ್’ ನಿಯಮ, ಅಂದರೆ ಕೆಲವೇ ಬಗೆಯ ಸಲಕರಣೆ ಬಳಸಬೇಕೆನ್ನುವ ನಿಯಮ, ಇರುವ ಕಡೆ ಎರಡೂ ನಡೆಯುವುದಿಲ್ಲ. ಎರೆಹುಳು, ಸಿಗಡಿ, ಮೀನಿನ ಮೊಟ್ಟೆ ಕೂಡ ಬೇಡ. ಕೃತಕ ನೊಣ ಅಥವಾ ಲೂರ್ (ಮೀನನ್ನು ಸೆಳೆಯುವ ನಕಲಿ ಬೇಟೆ), ಅದಕ್ಕೆ ಒಂಟಿ ಮೊನೆಯ, ಮುಳ್ಳಿಲ್ಲದ (ಮೊನೆಯ ಹಿಂದೆ ಹಿಮ್ಮುಖ ಚೂಪು ಇಲ್ಲದ) ಗಾಳ ಮಾತ್ರ. ಮೀನು ಹಿಡಿದುಕೊಳ್ಳುವ ಕೈಬಲೆಯೂ ಗಂಟಿಲ್ಲದ್ದೇ ಆಗಬೇಕು.

ಮುಳ್ಳಿಲ್ಲದ ಗಾಳವನ್ನು ಬೇರೆ ಕೊಳ್ಳಬೇಕಿಲ್ಲ. ಸಣ್ಣ ಇಕ್ಕಳದಿಂದ ಮುಳ್ಳನ್ನು ಅಮುಕಿ, ಹತ್ತಿ ಬಟ್ಟೆಗೆ ಚುಚ್ಚಿ ಹಿಂದಕ್ಕೆ ಎಳೆಯಿರಿ. ಎಳೆ ಸಿಕ್ಕಿಕೊಂಡರೆ ಇನ್ನೂ ಮುಳ್ಳಿದೆ ಅಂತ. ಮೀನು ಕಳಚಿಕೊಳ್ಳುತ್ತೆ ಅನ್ನುವ ಭಯ ಬೇಡ, ದಾರ ಸಡಿಲ ಬಿಡದಿದ್ದರೆ ಸಾಕು. ತೆಳು ದಾರದಲ್ಲಿ ಆಟ ಆಡಿಸುವುದು ನನಗೆ ಸರಿ ಕಾಣುವುದಿಲ್ಲ. 12 ಪೌಂಡ್ ಎಳೆತ ತಡೆಯದ ಲೀಡರ್ (ಗಾಳಕ್ಕೆ ಕಟ್ಟುವ ಕೊನೆಯ ತುಂಡು ದಾರ) ನಾನು ಕಟ್ಟುವುದಿಲ್ಲ. ಮೀನು ಸುಸ್ತಾಗುವ ಮೊದಲೇ ದಡಕ್ಕೆ ಬರಬೇಕು.

ಬಂದ ತಕ್ಷಣ ಬೆನ್ನಿನ ಹಿಂಭಾಗ ನೋಡಿ. ಬಾಲದ ಹತ್ತಿರ ಪುಟ್ಟ, ಮೆತ್ತನೆಯ ರೆಕ್ಕೆ ಇದ್ದರೆ ಅದು ನದಿಯಲ್ಲೇ ಹುಟ್ಟಿದ ಮೀನು, ಬಿಡಲೇಬೇಕು. ರೆಕ್ಕೆ ಕತ್ತರಿಸಿದ ಜಾಗ ಮಾಗಿದ್ದರೆ ಹ್ಯಾಚರಿಯದು, ಅಂದರೆ ಮರಿ ಸಾಕಿ ನದಿಗೆ ಬಿಡುವ ಕೇಂದ್ರದ್ದು. ಆ ಭಾಗದ ನಿಯಮ ಒಪ್ಪಿದರೆ ಮನೆಗೆ ತರಬಹುದು, ತಂದರೆ ಅಲ್ಲೇ ಕ್ಯಾಚ್ ಕಾರ್ಡ್‌ನಲ್ಲಿ (ಹಿಡಿದ ಮೀನಿನ ಲೆಕ್ಕ ಬರೆಯುವ ಚೀಟಿ) ಬರೆಯಬೇಕು. ಬಿಡುವ ಮೀನನ್ನು ಫೋಟೋಗೆ ಅಂತಲೂ ಪೂರ್ತಿ ನೀರಿನಿಂದ ಎತ್ತುವಂತಿಲ್ಲ. ವಾಷಿಂಗ್ಟನ್‌ನಲ್ಲಿ ಇದು ಕಾನೂನೇ.

ಮೊದಲ ವರ್ಷ ನನಗೆ ಇದು ಗೊತ್ತಿರಲಿಲ್ಲ. ಒಂದು ಹೆಣ್ಣು ಮೀನನ್ನು ಕಲ್ಲಿನ ಮೇಲೆ ಎಳೆದುಕೊಂಡೆ. ನೀರಿಗೆ ಬಿಟ್ಟಾಗ ಪಕ್ಕಕ್ಕೆ ವಾಲಿತು. ಬಾಲದ ಬುಡ ಹಿಡಿದು, ತಲೆಯನ್ನು ಹರಿವಿಗೆ ಎದುರಾಗಿಸಿ, ಚಳಿಯಲ್ಲಿ ತುಂಬಾ ಹೊತ್ತು ಕೂತಿದ್ದೆ. ನೆನೆದರೆ ಈಗಲೂ ಹೊಟ್ಟೆಯಲ್ಲಿ ಸಂಕಟ. ಪೆಸಿಫಿಕ್ ಸಾಲ್ಮನ್ ಮೊಟ್ಟೆ ಇಟ್ಟ ಮೇಲೆ ಸಾಯುತ್ತೆ. ಸ್ಟೀಲ್‌ಹೆಡ್ ಹಾಗಲ್ಲ, ಕೆಲವು ಸಮುದ್ರಕ್ಕೆ ಮರಳಿ ಮತ್ತೊಮ್ಮೆ ಬರುತ್ತವೆ. ಸಿಯಾಟಲ್ ಪಕ್ಕದ ಕಡಲ ಕೊಲ್ಲಿ ಪ್ಯೂಜೆಟ್ ಸೌಂಡ್ ಸೇರುವ ನದಿಗಳ ಸ್ಟೀಲ್‌ಹೆಡ್ 2007ರಿಂದ ಅಪಾಯದಲ್ಲಿರುವ ಮೀನುಗಳ ಪಟ್ಟಿಯಲ್ಲಿದೆ. ಒಂದೊಂದು ತಾಯಿಮೀನೂ ಲೆಕ್ಕಕ್ಕೆ ಬರುತ್ತೆ, ಅಲ್ವಾ?

ಹಾಗೇ ನೀರಿಗೆ ಇಳಿಯುವಾಗ ತಳ ನೋಡಿಕೊಳ್ಳಿ. ವಸಂತ ಹತ್ತಿರ ಬಂದಂತೆ ಕೆಲವು ಕಡೆ ಜಲ್ಲಿ ತೊಳೆದಿಟ್ಟಂತೆ ಬೆಳ್ಳಗೆ, ತಗ್ಗಾಗಿ ಕಾಣುತ್ತೆ. ಅದು ಮೊಟ್ಟೆ ಇಟ್ಟ ಗೂಡು. ಸುತ್ತಿಕೊಂಡು ಹೋಗಿ.

ನಿಯಮ ನದಿಯ ಭಾಗ ಭಾಗಕ್ಕೂ ಬೇರೆ. ಸೀಸನ್ ಮಧ್ಯದಲ್ಲೇ ಮುಚ್ಚುವುದೂ ಉಂಟು. ಹೊರಡುವ ದಿನ ಬೆಳಗ್ಗೆ ರಾಜ್ಯದ ಮೀನು ಇಲಾಖೆಯ ತುರ್ತು ನಿಯಮಗಳನ್ನು ನೋಡಿ. ವರ್ಷದ ಲೈಸೆನ್ಸ್ ಮಾರ್ಚ್ 31ಕ್ಕೆ ಮುಗಿಯುತ್ತೆ, ಯಾವಾಗ ಕೊಂಡರೂ ಅಷ್ಟೇ. ಯಾವ ಭಾಗಕ್ಕೆ ಹೋಗುತ್ತೀರಿ ಅಂತ ಹೇಳಿ, ಅಲ್ಲಿನ ನಿಯಮ ಒಟ್ಟಿಗೆ ಓದೋಣ.